ಮಲೆನಾಡಿನಲ್ಲಿ ಸಾಮಾನು ಸಮೇತ ಮನೆ ಬಾಡಿಗೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆ ಕೆಲವು ತಿಂಗಳಿಗೋ ಒಂದೆರಡು ವರ್ಷಕ್ಕೋ ಮನೆ ಹುಡುಕುವವರು ಕೇಳುವ ಪ್ರಶ್ನೆಗಳು ಇವು. ಮೊದಲ ಸಲ ಬರುವವರ ಪ್ರಶ್ನೆಗಳು ಮೇಲೆ, ಕರಾರು ಮತ್ತು ತಕರಾರಿನವು ಕೆಳಗೆ ಇವೆ.

## ಹುಡುಕಾಟ

ಅಷ್ಟು ಸಣ್ಣ ಊರಲ್ಲಿ ಮಂಚ, ಗ್ಯಾಸು, ಫ್ರಿಜ್ಜು ಎಲ್ಲ ಇರೋ ಮನೆ ಸಿಗುತ್ತಾ?

ಸಿಗುತ್ತದೆ, ಆದರೆ ಬಾಡಿಗೆಗೆಂದೇ ಸಜ್ಜು ಮಾಡಿಟ್ಟ ಮನೆಗಳು ಕಡಿಮೆ. ಹೆಚ್ಚಿನವು ಯಾರೋ ಬಾಳಿ ಬದುಕಿದ ಮನೆಗಳು. ಮಕ್ಕಳು ಬೆಂಗಳೂರು ಸೇರಿದ್ದಾರೆ, ಅಪ್ಪ ಅಮ್ಮ ಅವರ ಜೊತೆ ಹೋಗಿದ್ದಾರೆ ಅಥವಾ ತೀರಿಕೊಂಡಿದ್ದಾರೆ. ಮನೆ ಪಾಳು ಬೀಳಬಾರದು, ದಿನಾ ದೀಪ ಹಚ್ಚುವವರಿರಲಿ ಎಂದು ಬಾಡಿಗೆಗೆ ಕೊಡುತ್ತಾರೆ. ಹಾಗಾಗಿ ಇವು ಆನ್‌ಲೈನ್ ಜಾಹೀರಾತಿಗೆ ಬರುವುದು ಅಪರೂಪ, ಬ್ರೋಕರ್‌ಗಳ ಕೈಗೂ ಹೆಚ್ಚು ಸಿಗುವುದಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲು, ದಿನಸಿ ಅಂಗಡಿ, ಸಹಕಾರಿ ಸಂಘದ ಕಚೇರಿ, ವರ್ಗವಾಗಿ ಬಂದ ಬ್ಯಾಂಕ್ ನೌಕರರು, ಕಾಲೇಜಿನ ಉಪನ್ಯಾಸಕರು: ಇಲ್ಲಿ ವಿಚಾರಿಸಿ. ಊರಿನಲ್ಲಿ ಎರಡು ದಿನ ಲಾಡ್ಜ್ ಹಿಡಿದು ಓಡಾಡಿದರೆ ಫೋನಿನಲ್ಲಿ ಒಂದು ತಿಂಗಳು ಹುಡುಕಿದ್ದಕ್ಕಿಂತ ಹೆಚ್ಚು ಮನೆ ಕಣ್ಣಿಗೆ ಬೀಳುತ್ತವೆ. ಯಾರ ಪೈಕಿ, ಏನು ಕೆಲಸ, ಎಷ್ಟು ಜನ ಎಂದು ಕೇಳುತ್ತಾರೆ. ಅದು ಇಲ್ಲಿನ ರೂಢಿ, ನೇರವಾಗಿ ಉತ್ತರ ಕೊಡಿ.

ಯಾವ ತಿಂಗಳಲ್ಲಿ ಬಂದು ನೋಡಿದರೆ ಒಳ್ಳೆಯದು?

ಆಗುವುದಾದರೆ ಜುಲೈನಲ್ಲಿ, ಪುನರ್ವಸು ಇಲ್ಲವೇ ಪುಷ್ಯ ಮಳೆ ಹಿಡಿದಿರುವಾಗ. ಫೆಬ್ರವರಿಯಲ್ಲಿ ನೋಡಿದ ಮನೆಯೂ ಜುಲೈನಲ್ಲಿ ವಾಸ ಮಾಡುವ ಮನೆಯೂ ಒಂದೇ ಅಲ್ಲ. ಮಲೆನಾಡು ಎಂದರೆ ಎಲ್ಲ ಕಡೆ ಒಂದೇ ಮಳೆ ಎಂದುಕೊಳ್ಳಬೇಡಿ. ಶಿವಮೊಗ್ಗ ನಗರಕ್ಕೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಬಿದ್ದರೆ, ನೂರು ಕಿಲೋಮೀಟರ್ ಒಳಗೇ ಇರುವ ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ. ಹೊಸನಗರದ ಹುಲಿಕಲ್ ಕಡೆಯೂ ಹಾಗೆಯೇ. ಘಟ್ಟದ ಅಂಚಿಗೆ ಹತ್ತಿರವಾದಷ್ಟೂ ಮಳೆ ಹೆಚ್ಚು, ಕರೆಂಟ್ ಹೋಗುವುದೂ ಹೆಚ್ಚು. ಮೊದಲ ಸಲ ಬರುವವರಿಗೆ ಸಾಗರ ಅಥವಾ ತೀರ್ಥಹಳ್ಳಿ ಪೇಟೆಯ ಒಳಗಿನ ಮನೆಯೇ ವಾಸಿ. ತೋಟದ ನಡುವಿನ ಒಂಟಿ ಮನೆಯನ್ನು ಒಂದು ಮಳೆಗಾಲ ಕಳೆದ ಮೇಲೆ ಯೋಚಿಸಿ. ಶರಾವತಿ ಹಿನ್ನೀರಿನ ಆಚೆ ತುಮರಿ ಭಾಗಕ್ಕೆ 2025ರ ಜುಲೈನಲ್ಲಿ ಸೇತುವೆ ತೆರೆದಿದೆ. ಹಿನ್ನೀರು ದಾಟಿಸುವ ಲಾಂಚ್‌ನ ಹೊತ್ತು ನೋಡಿಕೊಂಡು ಬದುಕಬೇಕಾದ ಕಾಲ ಮುಗಿದಿರುವುದರಿಂದ ಆ ಕಡೆಯ ಮನೆಗಳನ್ನೂ ಈಗ ಪರಿಗಣಿಸಬಹುದು.

ಖಾಲಿ ಮನೆಗಿಂತ ಎಷ್ಟು ಹೆಚ್ಚು ಬಾಡಿಗೆ ಕೊಡೋದು ನ್ಯಾಯ?

ಸಾಮಾನಿನ ಈಗಿನ ಬೆಲೆ ಅಂದಾಜು ಮಾಡಿ, ಅದು ಇನ್ನೆಷ್ಟು ವರ್ಷ ಬಾಳುತ್ತದೆ ಎಂದು ಭಾಗಿಸಿ. ಫ್ರಿಜ್, ವಾಷಿಂಗ್ ಮೆಷಿನ್, ಮಂಚ, ಹಾಸಿಗೆ, ಇನ್ವರ್ಟರ್ ಎಲ್ಲ ಸೇರಿ 1,20,000 ರೂಪಾಯಿ ಬಾಳುವ ಸಾಮಾನು, ಇನ್ನೂ ಎಂಟು ವರ್ಷ ಬರುತ್ತದೆ ಎಂದಿಟ್ಟುಕೊಳ್ಳಿ: ತಿಂಗಳಿಗೆ 1,250. ಮಾಲೀಕರ ರಿಪೇರಿ ಖರ್ಚಿಗೆಂದು ಇನ್ನರ್ಧ ಸೇರಿಸಿದರೂ ಎರಡು ಸಾವಿರದ ಒಳಗೆ. ಅದೇ ಓಣಿಯ ಖಾಲಿ ಮನೆಗಿಂತ ಐದಾರು ಸಾವಿರ ಹೆಚ್ಚು ಕೇಳಿದರೆ ಈ ಲೆಕ್ಕ ಮುಂದಿಟ್ಟು ಮಾತಾಡಿ. ನಿಮ್ಮ ಉಪಯೋಗಕ್ಕೆ ಬಾರದ ಸೋಫಾ, ಡೈನಿಂಗ್ ಟೇಬಲ್ ತೆಗೆಸಿ ಬಾಡಿಗೆ ಇಳಿಸಿಕೊಳ್ಳುವುದೂ ಆಗುತ್ತದೆ.

ಭೋಗ್ಯಕ್ಕೆ ಹಾಕ್ಕೊಳ್ಳಿ ಅಂತಾರೆ. ಒಳ್ಳೆಯದಾ?

ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟೂ ಹಣ ವಾಪಸ್ ಪಡೆಯುವುದು ಭೋಗ್ಯ. ಕೆಲವು ತಿಂಗಳಿಗೆ ಬರುವವರಿಗೆ ಇದು ಬೇಡ. ಆ ಹಣವನ್ನು ಮಾಲೀಕರು ಖರ್ಚು ಮಾಡಿಯೇ ಇರುತ್ತಾರೆ, ಇನ್ನೊಬ್ಬ ಭೋಗ್ಯದವರು ಸಿಗುವ ತನಕ ನಿಮ್ಮದು ಸಿಕ್ಕಿಹಾಕಿಕೊಳ್ಳುತ್ತದೆ. ಮನೆ ಅಣ್ಣತಮ್ಮಂದಿರ ಜಂಟಿ ಆಸ್ತಿಯಾಗಿದ್ದು ಪಾಲು ಆಗಿರದಿದ್ದರೆ ಇನ್ನೂ ಕಷ್ಟ.

## ಮನೆ ನೋಡುವಾಗ

ಬೇಸಿಗೆಯಲ್ಲೇ ನೋಡಬೇಕಾಗಿದೆ. ಮಳೆಗೆ ಸೋರುತ್ತೋ ಇಲ್ಲವೋ ಹೇಗೆ ತಿಳಿಯೋದು?

ಹೆಂಚಿನ ಮನೆಯಾದರೆ ನಡುಮಧ್ಯಾಹ್ನ ಹೋಗಿ. ಲೈಟು ಆರಿಸಿ, ಕಿಟಕಿ ಮುಚ್ಚಿ, ಅಟ್ಟ ಹತ್ತಿ ಎರಡು ನಿಮಿಷ ಸುಮ್ಮನೆ ಮೇಲೆ ನೋಡಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಾಣುತ್ತವೆ. ಒಂದೊಂದು ಚುಕ್ಕೆಯ ಕೆಳಗೂ ಜೂನ್ ತಿಂಗಳಲ್ಲಿ ಒಂದೊಂದು ಬಕೆಟ್ ಇಡಬೇಕಾಗುತ್ತದೆ. ರೀಪಿನ ಮೇಲೆ ನೀರಿಳಿದ ಕಪ್ಪು ಗೆರೆ ಇದೆಯೇ, ಬೆರಳಿಂದ ಒತ್ತಿದರೆ ಮರ ಮೆತ್ತಗಿದೆಯೇ ನೋಡಿ. ಮಂಗಗಳು ಓಡಾಡುವ ಕಡೆ ಹೆಂಚು ಪ್ರತಿ ವರ್ಷ ಒಡೆಯುತ್ತದೆ. ಆದ್ದರಿಂದ ಅದೇ ಅಚ್ಚಿನ ಇಪ್ಪತ್ತು ಮೂವತ್ತು ಹೆಂಚು ಹಿತ್ತಲಲ್ಲಿ ಇಟ್ಟಿದ್ದಾರೆಯೇ ಎಂದು ಕೇಳಿ. ಎರಡು ಮಾಡು ಕೂಡುವ ಮೂಲೆಯ ನೀರು ಹರಿಯುವ ದೋಣಿಯಲ್ಲಿ ತರಗೆಲೆ ತುಂಬಿದ್ದರೆ ನೀರು ಹಿಂದಕ್ಕೆ ಉಕ್ಕಿ ಗೋಡೆಗಿಳಿಯುತ್ತದೆ. ಹೆಂಚು ಸರಿಯಿದ್ದೂ ಸೋರುವ ಮನೆಗಳ ಕಾರಣ ಬಹುತೇಕ ಇದೇ.

ಆರ್‌ಸಿಸಿ ಮನೆಯಲ್ಲಿ ಕಲೆ ಎಲ್ಲಿದೆ ಎಂಬುದೇ ಕಾರಣ ಹೇಳುತ್ತದೆ. ಗೋಡೆಯ ಬುಡದಿಂದ ಒಂದೆರಡು ಅಡಿ ಬಣ್ಣ ಪುಡಿಯಾಗಿ ಉದುರುತ್ತಿದ್ದರೆ ಅಡಿಪಾಯದಿಂದ ಥಂಡಿ ಏರುತ್ತಿದೆ, ಅದಕ್ಕೆ ಬಾಡಿಗೆದಾರರು ಮಾಡುವಂಥದ್ದು ಏನೂ ಇಲ್ಲ. ತಾರಸಿಯಲ್ಲಿ ಕಂದು ಬಳೆಗಳಿದ್ದರೆ ಮೇಲೆ ನೀರು ನಿಲ್ಲುತ್ತದೆ. ಕಿಟಕಿಯ ಕೆಳಮೂಲೆಯಲ್ಲಿದ್ದರೆ ಎರಚಲು. ಒಂದೇ ಕಡೆ ಚೌಕಾಕಾರವಾಗಿ ಹೊಸ ಬಣ್ಣ ಬಳಿದಿದ್ದರೆ ಅದರಡಿ ಏನಿತ್ತು ಎಂದು ಕೇಳಿ. ಮಳೆಗಾಳಿ ಪಡುವಣ ಮತ್ತು ನೈಋತ್ಯದಿಂದ ಬರುವುದರಿಂದ ಆ ಎರಡು ಗೋಡೆಗಳನ್ನು ಹೆಚ್ಚು ಹೊತ್ತು ನೋಡಿ. ಮಲಗುವ ಕೋಣೆ, ಬಟ್ಟೆಯ ಬೀರು ಅಲ್ಲಿರದಿದ್ದರೆ ಒಳ್ಳೆಯದು. ತಾರಸಿಯ ಮೇಲೆ ತಗಡಿನ ಮಾಡು ಹೊದಿಸಿದ ಮನೆ ಸಿಕ್ಕರೆ ಬಿಡಬೇಡಿ. ಸೋರುವುದೂ ತಪ್ಪುತ್ತದೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಾಗವೂ ಸಿಗುತ್ತದೆ.

ಬಾವಿ ನೀರು ಅಂದರು. ಇಷ್ಟು ಮಳೆ ಬೀಳೋ ಊರಲ್ಲಿ ನೀರಿಗೆ ಬರ ಇರುತ್ತಾ?

ಇರುತ್ತದೆ, ಮಾರ್ಚ್‌ನಿಂದ ಮೇ ತನಕ. ಗುಡ್ಡದ ಮೇಲಿನ ಬಾವಿಗಳು ಬೇಗ ಬತ್ತುತ್ತವೆ. "ಹೋದ ವರ್ಷ ಏಪ್ರಿಲ್‌ನಲ್ಲಿ ಎಷ್ಟು ರಿಂಗ್ (ಬಾವಿಗಿಳಿಸಿದ ಸಿಮೆಂಟ್ ಬಳೆ) ನೀರಿತ್ತು" ಎಂದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುವ ಅಬ್ಬಿ ನೀರಾದರೆ ಮಳೆಗಾಲದಲ್ಲಿ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡು ನಿಲ್ಲುತ್ತದೆ. ಹೋಗಿ ಬಿಡಿಸುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಲಿ.

ಮೊದಲ ಮಳೆಗೆ ಬಾವಿ ಕದಡುತ್ತದೆ, ಮೇಲಿನ ಕೊಳೆ ಒಳಗೆ ಇಳಿಯುತ್ತದೆ. ಆಗ ಬ್ಲೀಚಿಂಗ್ ಪೌಡರ್ ಹಾಕಬೇಕು: ಸಾವಿರ ಲೀಟರಿಗೆ 2.5 ಗ್ರಾಂ. ಬಾವಿಯ ಅಗಲ 1.8 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಸುಮಾರು 7,600 ಲೀಟರ್, ಅಂದರೆ 19 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ತಳದ ಸುಣ್ಣ ಬಿಟ್ಟು ತಿಳಿಯನ್ನು ಮಾತ್ರ ಕೊಡದಲ್ಲಿ ಬಾವಿಗಿಳಿಸಿ, ಮೇಲೆ ಕೆಳಗೆ ಆಡಿಸಿ. ರಾತ್ರಿ ಹಾಕಿ ಬೆಳಿಗ್ಗೆ ಸೇದಿ. ನೀರು ಕದಡಿದ್ದಾಗ ಕ್ಲೋರಿನ್ ಪೂರ್ತಿ ಕೆಲಸ ಮಾಡುವುದಿಲ್ಲ, ಆ ದಿನಗಳಲ್ಲಿ ಕುಡಿಯುವ ನೀರು ಕುದಿಯಲೇಬೇಕು.

ಇನ್ವರ್ಟರ್ ಇದೆಯಂತೆ. ವರ್ಕ್ ಫ್ರಂ ಹೋಮ್‌ಗೆ ಸಾಕಲ್ವಾ?

ಬ್ಯಾಟರಿಯ ವಯಸ್ಸು ಕೇಳದೆ ಹೌದು ಎನ್ನಲಾಗದು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಹೊಸದಿದ್ದಾಗ ಕೈಗೆ ಸಿಗುವುದು ಸುಮಾರು 1,200 ವ್ಯಾಟ್-ಗಂಟೆ. 75 ವ್ಯಾಟಿನ ಎರಡು ಫ್ಯಾನು, ನಾಲ್ಕು ಎಲ್‌ಇಡಿ, ಲ್ಯಾಪ್‌ಟಾಪ್, ರೌಟರ್ ಸೇರಿ 260 ವ್ಯಾಟ್ ಆದರೆ ನಾಲ್ಕೂವರೆ ಗಂಟೆ. ಮಳೆಗಾಲದಲ್ಲಿ ಫ್ಯಾನು ಹೇಗೂ ಬೇಡವಾದ್ದರಿಂದ ಇನ್ನೂ ಬಹಳ ಹೊತ್ತು ಬರುತ್ತದೆ. ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕರೆಂಟ್ ಬಾರದೆ ಇರುವುದುಂಟು, ಬ್ಯಾಟರಿ ಮತ್ತೆ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಆಫೀಸಿನ ಕೆಲಸ ನಿಲ್ಲಿಸಲಾಗದವರು ಪೇಟೆಯಲ್ಲಿ ಜನರೇಟರ್ ಇರುವ ಒಂದು ಜಾಗ ನೋಡಿಟ್ಟುಕೊಳ್ಳಿ.

ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಅಲ್ಲ, ನೀವು ಕೂತು ಕೆಲಸ ಮಾಡುವ ಮೇಜಿನ ಹತ್ತಿರ ನೋಡಿ. ಕರೆಂಟ್ ಹೋದ ಮೇಲೂ ಒಮ್ಮೆ ನೋಡಿ, ಏಕೆಂದರೆ ಟವರಿನ ಬ್ಯಾಟರಿಯೂ ಖಾಲಿಯಾಗುತ್ತದೆ. ಫೈಬರ್ ಪಕ್ಕದ ಮನೆಗೆ ಬಂದಿದ್ದರೆ ನಿಮಗೂ ಎಳೆಸಿಕೊಳ್ಳಬಹುದು. ಬಾರದಿದ್ದರೆ "ಬರುತ್ತೆ" ಎಂಬ ಮಾತು ನಂಬಿ ಅಡ್ವಾನ್ಸ್ ಕೊಡಬೇಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ರೌಟರ್, ಟಿವಿ, ಫ್ರಿಜ್ ಸುಡುತ್ತವೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿಕೊಳ್ಳಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಐದು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಸರಿಪಡಿಸಿಯೇ ಒಳಗೆ ಬನ್ನಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ನೋಡಿ. ಗೋಡೆ ಒದ್ದೆಯಾಗುವ ಊರಿನಲ್ಲಿ ಇದು ಜೀವದ ಮಾತು.

ಸ್ನಾನಕ್ಕೆ ಸೋಲಾರ್ ಇದೆ. ಗೀಸರ್ ಬೇಕಾ?

ಜೂನ್‌ನಿಂದ ಸೆಪ್ಟೆಂಬರ್ ತನಕ ಸೋಲಾರ್ ಲೆಕ್ಕಕ್ಕಿಲ್ಲ. 2,000 ವ್ಯಾಟಿನ ಗೀಸರ್ ಇರಲಿ, ಅದಕ್ಕೆ 16 ಆಂಪಿಯರ್ ಪಾಯಿಂಟ್ ಬೇಕು. ಹಳೆಯ ಮನೆಯಾದರೆ ಬಚ್ಚಲ ಒಲೆ ಮತ್ತು ತಾಮ್ರದ ಹಂಡೆ ಇರುತ್ತದೆ, ಕರೆಂಟಿನ ಹಂಗಿಲ್ಲ. ಉರಿಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಯಾರು ಒದಗಿಸುತ್ತಾರೆ, ಅದನ್ನು ನೆನೆಯದಂತೆ ಎಲ್ಲಿ ಇಡುವುದು ಎಂದು ಮೇ ತಿಂಗಳಲ್ಲೇ ಮಾತಾಡಿ. ಆಷಾಢದಲ್ಲಿ ಒಣ ಸೌದೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

## ಕರಾರು, ಕಾಗದ

ಹನ್ನೊಂದು ತಿಂಗಳಿಗೆ ಕರಾರು ಯಾಕೆ? ಬಾಯಿ ಮಾತಲ್ಲೇ ಆಗೋದಿಲ್ವಾ?

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದರ ಖರ್ಚು, ಓಡಾಟ ಬೇಡವೆಂದು ಹನ್ನೊಂದು ತಿಂಗಳು. ಬಾಯಿ ಮಾತು ಬೇಡ. ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ಲ, ಸಣ್ಣ ಊರುಗಳಿಗೆ ಆ ಮಿತಿ 2,000ವೇ. ಸಾಮಾನು ಸಮೇತ ಮನೆಗಳು ಬಹುತೇಕ ಅದರ ಹೊರಗೇ ಉಳಿಯುತ್ತವೆ. ಹಾಗಾಗಿ ಕರಾರಿನಲ್ಲಿ ಬರೆದದ್ದೇ ನಿಮಗೆ ಆಧಾರ. ಏನೂ ಬರೆದಿರದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಹದಿನೈದು ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ಎರಡೂ ಕಡೆಗೆ ಎರಡು ತಿಂಗಳೆಂದು ಬರೆಸಿ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಮನೆ ಬಿಡಿಸುವಂತಿಲ್ಲ ಎಂಬ ಸಾಲೂ ಇರಲಿ. ಆ ಹೊತ್ತಿನಲ್ಲಿ ಸಾಮಾನು ಸಾಗಿಸುವುದು, ಇನ್ನೊಂದು ಮನೆ ಹುಡುಕುವುದು ಎರಡೂ ಕಷ್ಟ.

ಇ-ಸ್ಟಾಂಪ್ ಎಲ್ಲಿ, ಹೇಗೆ ಸಿಗುತ್ತದೆ ಎಂದು ಮೊದಲೇ ವಿಚಾರಿಸಿ. ಸಹಿ ಹಾಕುವವರು ಮನೆಯ ಖಾತೆಯಲ್ಲಿ (ಆಸ್ತಿ ದಾಖಲೆಯಲ್ಲಿ) ಹೆಸರಿರುವವರೇ ಆಗಿರಲಿ. ತಾಯಿಯ ಹೆಸರಿನಲ್ಲಿರುವ ಮನೆಗೆ ಮಗ ಸಹಿ ಹಾಕುವುದಾದರೆ ತಾಯಿಯ ಅಧಿಕಾರ ಪತ್ರ ಕೇಳಿ.

ಸಾಮಾನಿನ ಪಟ್ಟಿ ಹೇಗೆ ಮಾಡೋದು?

"ಮಂಚ 2, ಬೀರು 1" ಎಂದು ಬರೆದರೆ ಪ್ರಯೋಜನವಿಲ್ಲ. ಹೀಗೆ ಬರೆಯಿರಿ: "ಹಲಸಿನ ಮಂಚ, ಬಲಗಾಲಲ್ಲಿ ಬಿರುಕು. ಕಬ್ಬಿಣದ ಬೀರು, ಕೆಳಗಿನ ಖಾನೆ ತುಕ್ಕು, ಕೀಲಿ ಒಂದೇ." ಪ್ರತಿ ಸಾಮಾನಿಗೂ ಫೋಟೊ, ಹಿಂಬದಿಯದೂ ಸೇರಿ. ಗೋಡೆಗೆ ತಾಗಿದ ಬೆನ್ನಲ್ಲೇ ಒರಲೆ ಇರುವುದು. ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್ ಇದ್ದರೆ ಅದರ ಬುಡದ ಫೋಟೊ ತೆಗೆಯಲೇಬೇಕು. ಅದು ಮಳೆಗಾಲದ ಥಂಡಿಗೆ ಉಬ್ಬಿ ಬಾಗಿಲು ಮುಚ್ಚದಂತಾಗುತ್ತದೆ. "ಹವೆಯಿಂದ ಆದ ಹಾಳು ಬಾಡಿಗೆದಾರರ ಹೊಣೆಯಲ್ಲ" ಎಂದು ಪಟ್ಟಿಯ ಕೆಳಗೆ ಬರೆದು ಇಬ್ಬರೂ ಸಹಿ ಹಾಕಿ.

ಗ್ಯಾಸ್ ಸಿಲಿಂಡರಿನ ಸಂಪರ್ಕ ಯಾರ ಹೆಸರಲ್ಲಿದೆ, ಬುಕ್ ಮಾಡಿದಾಗ ಒಟಿಪಿ ಯಾರ ಫೋನಿಗೆ ಹೋಗುತ್ತದೆ ಎಂಬುದೂ ಪಟ್ಟಿಯಲ್ಲಿರಲಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ. ಐದು ವರ್ಷ ದಾಟಿದ್ದರೆ ಬದಲಿಸಿ.

ಒಂದು ಕೋಣೆಗೆ ಬೀಗ ಹಾಕಿ ಸಾಮಾನು ಇಟ್ಟುಕೊಳ್ಳುತ್ತೇವೆ ಅಂತಾರೆ. ಒಪ್ಪಬಹುದಾ?

ಬಹಳ ಮನೆಗಳಲ್ಲಿ ಹೀಗಿದೆ. ದೇವರ ಕೋಣೆ, ಇಲ್ಲವೇ ಅಮ್ಮನ ಪೆಟ್ಟಿಗೆ, ಪಾತ್ರೆ ಇಟ್ಟ ಕೋಣೆ. ಒಪ್ಪಬಹುದು. ಆದರೆ ನಾಲ್ಕು ತಿಂಗಳು ಗಾಳಿಯಾಡದ ಕೋಣೆಯಲ್ಲಿ ಬೂಸ್ಟು, ಒರಲೆ ಎದ್ದು ಅದು ನಿಮ್ಮ ಕೋಣೆಗೂ ದಾಟುತ್ತದೆ. ಹದಿನೈದು ದಿನಕ್ಕೊಮ್ಮೆ ತೆರೆದು ಗಾಳಿ ಬಿಡುವವರು ಯಾರು, ಕೀಲಿ ಊರಿನಲ್ಲಿ ಯಾರ ಬಳಿ, ಅವರು ಬರುವ ಮುನ್ನ ಫೋನ್ ಮಾಡಬೇಕೇ ಎಂಬುದನ್ನು ಬರೆದುಕೊಳ್ಳಿ. ಆ ಕೋಣೆಯ ಸಾಮಾನಿಗೆ ನೀವು ಹೊಣೆಯಲ್ಲ ಎಂಬ ಸಾಲು ಬಿಡಬೇಡಿ.

ಬಾಡಿಗೆ ಮನೆಗೆ ಗೃಹಜ್ಯೋತಿ ಬರುತ್ತಾ?

ಬರುತ್ತದೆ. ಮನೆಬಳಕೆಯ ಮೀಟರ್ ಆಗಿರಬೇಕು, ನಿಮ್ಮ ಆಧಾರ್ ಬೇರೆ ಮನೆಯ ಮೀಟರಿಗೆ ಜೋಡಣೆಯಾಗಿರಬಾರದು, ಹಳೆಯ ಬಾಡಿಗೆದಾರರ ಜೋಡಣೆ ತೆಗೆಸಿರಬೇಕು. ಅರ್ಜಿ ಸೇವಾಸಿಂಧುವಿನಲ್ಲಿ. 200 ಯೂನಿಟ್ ಎಂಬುದು ಗರಿಷ್ಠ ಮಿತಿಯಷ್ಟೇ. ಉಚಿತ ಸಿಗುವುದು ಆ ಮೀಟರಿನ 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ. ಆ ವರ್ಷ ಬೀಗ ಬಿದ್ದಿದ್ದ ಮನೆಯಾದರೆ ಸರಾಸರಿ ತೀರಾ ಕಡಿಮೆ, ಉಳಿದದ್ದನ್ನು ನೀವೇ ಕಟ್ಟಬೇಕು. ಹಿಂದಿನ ಮೆಸ್ಕಾಂ ಬಿಲ್ಲುಗಳನ್ನು ಕೇಳಿ ನೋಡಿ.

ಮಾಂಸ ಬೇಯಿಸಬಾರದು, ನಾಯಿ ಸಾಕಬಾರದು ಅಂತ ಆಮೇಲೆ ಹೇಳಿದರೆ?

ಆಮೇಲೆ ಹೇಳುವಂತೆ ಆಗಬಾರದು. ಅಡ್ವಾನ್ಸ್ ಕೊಡುವ ಮುಂಚೆಯೇ ನೀವಾಗಿ ಕೇಳಿ. ಮುಚ್ಚಿಟ್ಟು ಸೇರಿಕೊಂಡರೆ ಸಣ್ಣ ಊರಿನಲ್ಲಿ ಒಂದು ವಾರದಲ್ಲಿ ಗೊತ್ತಾಗುತ್ತದೆ, ಮನಸ್ತಾಪ ಉಳಿಯುತ್ತದೆ.

## ವಾಸಕ್ಕೆ ಬಂದ ಮೇಲೆ

ಬಟ್ಟೆ, ಚಪ್ಪಲಿ, ಹಾಸಿಗೆ ಎಲ್ಲಕ್ಕೂ ಬೂಸ್ಟು. ಏನು ಮಾಡೋದು?

ಬೀರು, ಮಂಚವನ್ನು ಗೋಡೆಯಿಂದ ನಾಲ್ಕು ಇಂಚು ಈಚೆ ಎಳೆಯಿರಿ. ಮಳೆ ಹೊಳವಾದ ಒಂದೆರಡು ಗಂಟೆ ಸಿಕ್ಕರೂ ಎದುರುಬದುರು ಕಿಟಕಿ ತೆರೆಯಿರಿ, ಮಳೆ ಸುರಿಯುವಾಗ ಮುಚ್ಚಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಹಾಕುವುದೇ ಬೂಸ್ಟಿಗೆ ದೊಡ್ಡ ಕಾರಣ. ಬಚ್ಚಲ ಒಲೆಯ ಮೇಲೆ ಬಿದಿರು ಕಟ್ಟಿ ಹರವಿ. ಹತ್ತಿ ಹಾಸಿಗೆ ನೀರು ಹೀರುತ್ತದೆ, ಅದನ್ನು ಜೂನ್‌ಗೆ ಮೊದಲು ಬಿಸಿಲಿಗೆ ಹಾಕಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅಟ್ಟಕ್ಕೇರಿಸಿ, ಮಳೆಗಾಲಕ್ಕೆ ಕಾಯರ್ ಅಥವಾ ಫೋಮ್ ಬಳಸಿ. ಚರ್ಮದ ವಸ್ತು, ಕ್ಯಾಮೆರಾ, ಸರ್ಟಿಫಿಕೇಟುಗಳಿಗೆ ಬಿಗಿ ಮುಚ್ಚಳದ ಡಬ್ಬಿ ಮತ್ತು ಸಿಲಿಕಾ ಜೆಲ್. ನಾಲ್ಕು ತಿಂಗಳು ಇರುವವರು ಒಂದು ಡಿಹ್ಯುಮಿಡಿಫೈಯರ್ ಕೊಂಡರೆ ದುಡ್ಡು ದಂಡವಲ್ಲ. ಅದನ್ನು ಒಂದೇ ಕೋಣೆಯಲ್ಲಿ ಬಾಗಿಲು ಮುಚ್ಚಿ ಓಡಿಸಬೇಕು.

ಅಂಗಳದ ಹಾವಸೆಗೆ ಜಾರಿ ಸೊಂಟ ಮುರಿದುಕೊಳ್ಳುವುದು ಇಲ್ಲಿ ಪ್ರತಿ ವರ್ಷದ ಕತೆ. ಬ್ಲೀಚಿಂಗ್ ಪೌಡರ್ ಎರಚಿ ಗಟ್ಟಿ ಪೊರಕೆಯಲ್ಲಿ ಉಜ್ಜಿ. ಮಣ್ಣಂಗಳವಾದರೆ ಅಡಿಕೆ ಮರದ ದಬ್ಬೆ ಅಡ್ಡಡ್ಡ ಹಾಸಿ ನಡೆಯುವ ದಾರಿ ಮಾಡಿಸಿಕೊಳ್ಳಿ.

ಮಾಲೀಕರು ಪಕ್ಕದಲ್ಲೇ ಇದ್ದಾರೆ. ಅಡಿಕೆ ಕೊಯ್ಲಿನಲ್ಲಿ ತೊಂದರೆಯಾಗುತ್ತಾ?

ನವೆಂಬರ್‌ನಿಂದ ಫೆಬ್ರವರಿ ತನಕ ಅಂಗಳ ನಿಮ್ಮದಲ್ಲ. ಚಪ್ಪರ ಏಳುತ್ತದೆ, ಅಡಿಕೆ ಹರವುತ್ತಾರೆ, ಕಾರು ಹೊರಗೆ ನಿಲ್ಲಿಸಬೇಕು. ರಾತ್ರಿ ಸುಲಿಯುವವರ ಮಾತು, ಬೇಯಿಸುವ ಹಂಡೆಯ ಹೊಗೆ, ಚೊಗರಿನ (ಅಡಿಕೆ ಬೇಯಿಸಿದ ನೀರಿನ) ವಾಸನೆ ಇದ್ದೇ ಇರುತ್ತದೆ. ಅವರ ವರ್ಷದ ಅನ್ನ ಅದು. ರಾತ್ರಿ ಆನ್‌ಲೈನ್ ಮೀಟಿಂಗ್ ಇರುವವರು ಅಂಗಳದಿಂದ ದೂರದ ಕೋಣೆ ಆರಿಸಿಕೊಳ್ಳಿ.

ಮಂಗನ ಕಾಯಿಲೆ, ಉಂಬಳ, ಹಾವು ಅಂತ ಮನೆಯವರು ಹೆದರುತ್ತಾರೆ.

ಉಂಬಳದಿಂದ (ಕಾಡಿನ ಜಿಗಣೆಯಿಂದ) ಕಾಯಿಲೆ ಬರುವುದಿಲ್ಲ. ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ. ಮಂಗನ ಕಾಯಿಲೆಯ ವಿಷಯದಲ್ಲಿ ಎಚ್ಚರ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಉಣುಗಿನಿಂದ (ಉಣ್ಣೆಯಿಂದ) ಹರಡುತ್ತದೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಆ ತಿಂಗಳುಗಳಲ್ಲಿ ಕಾಡಂಚಿನ ತರಗೆಲೆಯ ಮೇಲೆ ಕೂರಬೇಡಿ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ನೆನೆಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ, ವಿಪರೀತ ತಲೆನೋವು ಬಂದರೆ ಕಾಡಿನ ಕಡೆ ಓಡಾಡಿದ್ದನ್ನು ವೈದ್ಯರಿಗೆ ಹೇಳಿ. ಹಾವಿಗಾಗಿ ಸೌದೆ ರಾಶಿಯನ್ನು ಗೋಡೆಯಿಂದ ದೂರ ಇಡಿ, ರಾತ್ರಿ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ನೇರ ಆಸ್ಪತ್ರೆಗೆ.

## ತಕರಾರು ಬಂದಾಗ

ಮಾಡು ಸೋರುತ್ತಿದೆ, ಮಾಲೀಕರು ಫೋನ್ ಎತ್ತುತ್ತಿಲ್ಲ. ನಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದಾ?

ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಅವಧಿಯಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ಮಾಡಿಸಿ ಖರ್ಚು ಕಳೆದುಕೊಳ್ಳಲು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ. ಕ್ರಮ ತಪ್ಪಬೇಡಿ: ಮೊದಲು ಸೋರುವ ವಿಡಿಯೊ ಜೊತೆ ವಾಟ್ಸ್ಆ್ಯಪ್ ಸಂದೇಶ ಮತ್ತು ರಿಜಿಸ್ಟರ್ಡ್ ಪತ್ರ, ನಂತರ ಇಬ್ಬರಿಂದ ಅಂದಾಜು ಪಟ್ಟಿ, ಆಮೇಲೆ ಕೆಲಸ, ಬಿಲ್ಲು. ಜೋರು ಮಳೆಯಲ್ಲಿ ಹೆಂಚಿನ ಮೇಲೆ ಆಳು ಹತ್ತುವುದಿಲ್ಲ, ಹತ್ತಿಸಲೂ ಬಾರದು. ಹೊಳವಾಗುವ ತನಕ ಟಾರ್ಪಾಲ್ ಹೊದಿಸಿ ಹಗ್ಗ ಬಿಗಿಯುವುದೇ ದಾರಿ. ಅದಕ್ಕೆ ಕಾಯಂ ರಿಪೇರಿ ಎಲ್ಲ ಮೇ ಇಪ್ಪತ್ತರೊಳಗೆ ಎಂದು ಕರಾರಿನಲ್ಲೇ ಹಾಕಿಸಿದರೆ ಒಳ್ಳೆಯದು.

ಬಿಡುವಾಗ ಬಣ್ಣಕ್ಕೆ, ಹಾಸಿಗೆಗೆ ಅಂತ ಅಡ್ವಾನ್ಸ್ ಹಿಡಿದುಕೊಂಡರೆ?

ಬಳಸಿ ಸವೆದದ್ದು ಬೇರೆ, ಕೆಡಿಸಿದ್ದು ಬೇರೆ. ಥಂಡಿಗೆ ಉದುರಿದ ಬಣ್ಣ, ಬೂಸ್ಟು ಹಿಡಿದ ಹಳೆಯ ಹಾಸಿಗೆ, ಸತ್ತ ಬ್ಯಾಟರಿ ಸವೆತ. ಒಡೆದ ಗಾಜು, ಸುಟ್ಟ ಮೇಜು, ಡಿಸ್ಟಿಲ್ಡ್ ವಾಟರ್ ಹಾಕದೆ ಒಣಗಿಸಿದ ಬ್ಯಾಟರಿ ನಿಮ್ಮ ಲೆಕ್ಕ. ಬಿಡುವ ಹದಿನೈದು ದಿನ ಮುಂಚೆ ಪಟ್ಟಿ, ಫೋಟೊ ಹಿಡಿದು ಮಾಲೀಕರ ಜೊತೆ ಕೋಣೆ ಕೋಣೆ ಸುತ್ತಿ, ಸಣ್ಣ ರಿಪೇರಿ ಮಾಡಿಸಿ. ಅಡ್ವಾನ್ಸ್ ಬ್ಯಾಂಕಿನ ಮೂಲಕವೇ ಕೊಟ್ಟಿರಬೇಕು. ಬಾಕಿ ಬಿಲ್ಲು ಕಳೆದು ಉಳಿದದ್ದು ಕೈಗೆ ಬಂದ ಮೇಲೆ ಕೀಲಿ ಕೊಡಿ.

ನಾನು ಊರಲ್ಲಿಲ್ಲದಾಗ ಈ ಮನೆಯನ್ನು ಪ್ರವಾಸಿಗರಿಗೆ ಕೊಡಬಹುದಾ?

ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬೇಡ. ಒಪ್ಪಿದರೂ ಅದು ವಾಣಿಜ್ಯ ಬಳಕೆ: ಗೃಹಜ್ಯೋತಿ ಹೋಗುತ್ತದೆ, ಹೋಂಸ್ಟೇಗೆ ಬೇಕಾದ ಪರವಾನಗಿ ನೋಡಬೇಕು, ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಅವರ ವಿವರ ಸಲ್ಲಿಸಬೇಕು. ಹೆಸರು ನಿಮ್ಮದು, ಖಾತೆ ಇನ್ನೊಬ್ಬರದು ಇರುವಾಗ ಇಷ್ಟೆಲ್ಲ ಹೊರುವುದು ಜಾಣತನವಲ್ಲ.